55 ಗ್ರಾಂ ವೈರ್‌ಲೆಸ್ ಗೇಮಿಂಗ್ ಮೌಸ್: ಇಟ್ಕೊಳ್ಳೋದಾ, ವಾಪಸ್ ಕಳಿಸೋದಾ?

ಶಹಾಪುರ_ಶೂಟರ್
ನಮಸ್ಕಾರ್ರೀ ಎಲ್ಲರಿಗೂ. ಇಲ್ಲಿವರೆಗೆ ಲಾಜಿಟೆಕ್ ಜಿ304 ಬಳಸ್ತಿದ್ದೆ. ಸೆಲ್ ಸೇರಿ 99 ಗ್ರಾಂ. ವ್ಯಾಲೊರಂಟ್ ಶೂಟಿಂಗ್ ಗೇಮ್ ಆಡುವಾಗ ಎತ್ತಿ ಎತ್ತಿ ಇಟ್ಟು ರಾತ್ರಿ ಹೊತ್ತಿಗೆ ಮಣಿಕಟ್ಟು ಹಿಡ್ಕೊಳ್ತಿತ್ತು. ಅದಕ್ಕೇ ಒಂದು ಹಗುರ ವೈರ್‌ಲೆಸ್ ಮೌಸ್ ಆನ್‌ಲೈನ್‌ನಲ್ಲಿ ತರಿಸಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಜಗಳ ಬರೀ ಅದರ ಸುತ್ತಲೇ ಆಗುತ್ತೆ. ಚಲನೆ ಹಿಡಿಯುವ ಸೆನ್ಸರ್ ಪಿಕ್ಸ್‌ಆರ್ಟ್ 3395. ಡಬ್ಬಿ ಮೇಲೆ 55 ಗ್ರಾಂ ಅಂತ ಬರೆದಿದೆ.

ಈಗ ನೋಡಿ ಸಮಸ್ಯೆ. ಬೆಳಗಾವಿಯ ಶಹಾಪುರದಲ್ಲಿ ಕಾಕಾನ ಮಗನ ಬಂಗಾರದ ಅಂಗಡಿ ಇದೆ. ಅವನ ತಕ್ಕಡಿ ಮೇಲೆ ಇಟ್ಟರೆ 58.64 ಗ್ರಾಂ ತೋರಿಸಿತು. ಆಡುವಾಗ ಆಗಾಗ ಕರ್ಸರ್ ಒಂದು ಕ್ಷಣ ನಿಂತು ಆಮೇಲೆ ಜಿಗಿಯುತ್ತೆ. ಎದುರಾಳಿ ತಲೆ ಮೇಲೆ ನಿಲ್ಲಬೇಕಾದ ಏಮ್ ದಾಟಿ ಮುಂದೆ ಹೋಗುತ್ತೆ. ಪಕ್ಕ ಒತ್ತಿದರೆ ಕಡಕ್ ರೊಟ್ಟಿ ಮುರಿದ ಹಾಗೆ ಸದ್ದು ಬರುತ್ತೆ.

ರಿಟರ್ನ್ ಅವಧಿ ಮುಗಿಯೋಕೆ ಜಾಸ್ತಿ ದಿನ ಇಲ್ಲ. ಅಷ್ಟರಲ್ಲಿ ಏನೇನು ಪರೀಕ್ಷೆ ಮಾಡಬೇಕು? ಅಂಗಡಿಗೆ ಹೋಗಿ ನೋಡು ಅನ್ನಬೇಡಿ. ಖಡೇ ಬಜಾರದಲ್ಲಿ ಕೇಳಿದೆ, ಡಬ್ಬಿ ಒಡೆದರೆ ತಗೊಂಡ ಹಾಗೇ ಲೆಕ್ಕ ಅಂದರು.

ವೈರೇ_ವಾಸಿ
ವೈರ್ ಇರೋ ಮೌಸ್ ತಗೊಂಡಿದ್ದರೆ ಈ ಚರ್ಚೆಯೇ ಇರ್ತಿರಲಿಲ್ಲ. 😄

ಗುಮ್ಮಟ_ಗೇಮರ್
ಶುರುವಾಯ್ತು ನೋಡ್ರಿ. ಈ ಮನುಷ್ಯನಿಗೆ ಎಲ್ಲಾ ಚರ್ಚೆಗೂ ಒಂದೇ ಉತ್ತರ.

ಉದ್ಯಮಬಾಗ್_ಲೇತ್
ಮೊದಲು ತೂಕದ ಮಾತು. ಮೂರೂವರೆ ಗ್ರಾಂ ಹೆಚ್ಚು ಬಂದಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಪ್ಲಾಸ್ಟಿಕ್ ಅಚ್ಚು, ಬಣ್ಣದ ಲೇಪನ, ಬ್ಯಾಟರಿ, ಅಡಿಗೆ ಅಂಟಿಸುವ ಟೆಫ್ಲಾನ್ ಪಟ್ಟಿ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ. ದೊಡ್ಡ ಕಂಪನಿಗಳು "ಇಷ್ಟಕ್ಕಿಂತ ಕಡಿಮೆ" ಅಂತ ಬರೆದು ಪಾರಾಗ್ತಾರೆ. 2020ರ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್‌ಗೆ "63 ಗ್ರಾಂಗಿಂತ ಕಡಿಮೆ" ಅಂತಲೇ ಜಾಹೀರಾತು ಮಾಡಿದ್ದರು. ಅಗ್ಗದವರು ಇದ್ದುದರಲ್ಲೇ ಕಡಿಮೆ ತೂಗಿದ ಮಾದರಿ ನೋಡಿ ಅಂಕಿ ಹಾಕಿದರೂ ಕೇಳೋರು ಯಾರು?

ಇನ್ನು ಹಗುರ ಯಾಕೆ ಬೇಕು ಅನ್ನೋದು. ಮೌಸನ್ನು ತಟ್ಟನೆ ಓಡಿಸಿ ತಟ್ಟನೆ ನಿಲ್ಲಿಸಬೇಕು. ತೂಕ ಅರ್ಧ ಆದರೆ ಅಷ್ಟೇ ವೇಗಕ್ಕೆ ಬೇಕಾದ ಬಲವೂ ಅರ್ಧ. ಲೆಕ್ಕ ಸರಿ. ಆದರೆ ಮೌಸ್ ಒಂದೇ ಓಡಲ್ಲ, ಅದರ ಜೊತೆ ನಿಮ್ಮ ಅಂಗೈ, ಮುಂಗೈ ಎಲ್ಲಾ ಓಡುತ್ತೆ. ಕೈ ತೂಕದ ಮುಂದೆ 99 ಎಲ್ಲಿ, 58 ಎಲ್ಲಿ? ಬೆರಳಲ್ಲೇ ಆಡೋರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಇಡೀ ತೋಳು ಬೀಸಿ ಆಡೋರಿಗೆ ಅಷ್ಟು ಗೊತ್ತಾಗಲ್ಲ. ಎತ್ತಿ ಇಡುವಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತೆ.

ಇನ್ನೊಂದು, ಘರ್ಷಣೆ. ತೂಕ ಇಳಿದರೆ ಪ್ಯಾಡ್ ಮೇಲಿನ ಘರ್ಷಣೆಯೂ ಇಳಿಯುತ್ತೆ. ಏಮ್ ದಾಟಿ ಹೋಗ್ತಿರೋದಕ್ಕೆ ಅರ್ಧ ಕಾರಣ ಅದೇ. ಭಾರದ ಮೌಸ್ ನಿಲ್ಲಿಸೋಕೆ ಕಲಿತ ಕೈ ಈಗಲೂ ಅಷ್ಟೇ ಜೋರಾಗಿ ತಳ್ಳುತ್ತಿದೆ.

ಗುಮ್ಮಟ_ಗೇಮರ್
ಅಣ್ಣ ಹೇಳಿದ್ದು ಸರಿ, ಆದರೆ ಸುಮ್ನೆ "ಕೈ ಹೊಂದ್ಕೊಳ್ಳುತ್ತೆ" ಅಂತ ಬಿಡಬೇಡಿ. ಡಿಪಿಐ, ಅಂದರೆ ಮೌಸ್ ಒಂದು ಇಂಚು ಸರಿದರೆ ಕಳಿಸುವ ಎಣಿಕೆ, ನಿಜವಾಗಿ ಎಷ್ಟಿದೆ ನೋಡಿ. 800 ಅಂತ ಇಟ್ಟರೆ 800 ಸಿಕ್ಕೇ ಸಿಗುತ್ತೆ ಅಂತ ಏನಿಲ್ಲ.

ಮೌಸ್ ಕಳಿಸುವ ಕಚ್ಚಾ ಎಣಿಕೆ ತೋರಿಸುವ ಪುಟಗಳು ಬ್ರೌಸರ್‌ನಲ್ಲೇ ಸಿಗ್ತವೆ. ಪ್ಯಾಡ್ ಮೇಲೆ ಸ್ಕೇಲ್ ಇಟ್ಟು, ಅದಕ್ಕೆ ತಾಗಿಸಿ ಮೌಸನ್ನು ಸರಿಯಾಗಿ 10 ಸೆಂಟಿಮೀಟರ್ ಸರಿಸಿ. 800 ಡಿಪಿಐಗೆ ಸುಮಾರು 3150 ಎಣಿಕೆ ಬರಬೇಕು. 3300 ಬಂತು ಅಂದರೆ ನಿಮ್ಮದು 838 ಡಿಪಿಐ, ಅಂದರೆ ಸುಮಾರು ಶೇ. 5 ಹೆಚ್ಚು. ಹಳೇ ಮೌಸಿಗೂ ಇದನ್ನೇ ಮಾಡಿ ಹೋಲಿಸಿ. ಎರಡರ ವ್ಯತ್ಯಾಸವನ್ನು ಗೇಮ್‌ನ ಸೆನ್ಸಿಟಿವಿಟಿಯಲ್ಲಿ ಸರಿ ಮಾಡ್ಕೊಳ್ಳಿ. ಆಮೇಲೂ ದಾಟಿ ಹೋದರೆ ಆಗ ಕೈ ಮೇಲೆ ತಪ್ಪು ಹಾಕಿ.

ಕ್ಲಿಕ್_ಕುಮಾರ
3395 ಸೆನ್ಸರ್ ಅಂದರೆ 26000 ಡಿಪಿಐ ಅಲ್ವಾ? ಅಷ್ಟಿದ್ದೂ ಏಮ್ ಸರಿ ಇಲ್ಲ ಅಂದರೆ ಡೂಪ್ಲಿಕೇಟ್ ಇರಬೇಕು.

ಗುಮ್ಮಟ_ಗೇಮರ್
@ಕ್ಲಿಕ್_ಕುಮಾರ 26000 ಇಟ್ಟು ಒಂದು ಸಲ ಡೆಸ್ಕ್‌ಟಾಪ್ ಮೇಲೆ ಮೌಸ್ ಓಡಿಸಿ ತಮ್ಮಾ, ಕರ್ಸರ್ ಹುಡುಕೋಕೆ ಬಂದು ಹೇಳು. ಅದು ಜಾಹೀರಾತಿನ ಅಂಕಿ. ಜನ ಆಡೋದು 400, 800, 1600ರಲ್ಲಿ. ಸೆನ್ಸರ್ ಚೆನ್ನಾಗಿದೆಯೋ ಇಲ್ಲವೋ ನೋಡೋಕೆ ಜೋರಾಗಿ ಬೀಸಿದಾಗ ದಾರಿ ತಪ್ಪುತ್ತಾ, ಎತ್ತಿದಾಗ ಕರ್ಸರ್ ಅಲುಗಾಡುತ್ತಾ ಅಂತ ನೋಡಬೇಕು.

ನವನಗರ_ಸೆಕ್ಟರ್
ಬಾಗಲಕೋಟೆಯಿಂದ ನಮಸ್ಕಾರ. ನನಗೆ ಕರ್ಸರ್ ನಿಂತು ಜಿಗಿಯೋದು ಮುಖ್ಯ ಅನ್ನಿಸ್ತು. ಮೂರು ಪ್ರಶ್ನೆ. ಡಾಂಗಲ್, ಅಂದರೆ ಮೌಸ್ ಸಿಗ್ನಲ್ ಹಿಡಿಯುವ ಯುಎಸ್‌ಬಿ ತುಂಡು, ಎಲ್ಲಿ ಚುಚ್ಚಿದ್ದೀರಿ? ಪಕ್ಕದ ಪೋರ್ಟ್‌ನಲ್ಲಿ ಏನಿದೆ? ವೈಫೈ ರೂಟರ್ ಎಷ್ಟು ದೂರ?

ಶಹಾಪುರ_ಶೂಟರ್
ಡಾಂಗಲ್ ಕಂಪ್ಯೂಟರ್ ಹಿಂದೆ, ನೀಲಿ ಪೋರ್ಟ್. ಅದರ ಪಕ್ಕದಲ್ಲೇ ಹೊರಗಿನ ಹಾರ್ಡ್ ಡಿಸ್ಕ್ ಇದೆ, ಗೇಮ್ ಇನ್‌ಸ್ಟಾಲ್ ಆಗಿರೋದೇ ಅದರಲ್ಲಿ. ರೂಟರ್ ಅದೇ ಟೇಬಲ್ ಮೇಲೆ. ಕ್ಯಾಬಿನೆಟ್ ಕಾಲ ಹತ್ತಿರ ನೆಲದ ಮೇಲೆ.

ನವನಗರ_ಸೆಕ್ಟರ್
ಸಿಕ್ತು ಬಿಡಿ.

ವೈರ್‌ಲೆಸ್ ಮೌಸ್ ಮಾತಾಡೋದು 2.4 ಗಿಗಾಹರ್ಟ್ಜ್‌ನಲ್ಲಿ. ಯುಎಸ್‌ಬಿ 3.0 ಪೋರ್ಟ್ (ನಿಮ್ಮ ಆ ನೀಲಿಯದು), ಕೇಬಲ್, ಡಿಸ್ಕ್ ಕೆಲಸ ಮಾಡುವಾಗ ಅದೇ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸ್ತವೆ. ನಾನು ಕಟ್ಟಿದ ಕಥೆ ಅಲ್ಲ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ವರದಿ ಬರೆದು, ವೈರ್‌ಲೆಸ್ ಮೌಸ್ ಇಟ್ಟು ಅಳೆದು ತೋರಿಸಿದ್ದಾರೆ. ಗೇಮ್ ಹೊಸ ಮ್ಯಾಪ್ ಎಳ್ಕೊಳ್ಳುವಾಗ ಡಿಸ್ಕ್ ಜೋರಾಗಿ ಓಡುತ್ತೆ. ನಿಮ್ಮ ಕರ್ಸರ್ ಆಗಲೇ ನಿಲ್ಲುತ್ತೆ ಅಂತ ನನ್ನ ಊಹೆ, ನೋಡಿ ಹೇಳಿ. ಮೇಲಿಂದ ತಗಡಿನ ಕ್ಯಾಬಿನೆಟ್ ಹಿಂದೆ ಡಾಂಗಲ್ ಅಡಗಿ ಕೂತಿದೆ.

ಡಬ್ಬಿಯಲ್ಲಿ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ತುಂಡು ಬಂದಿರಬೇಕು, ಚಾರ್ಜಿಂಗ್ ಕೇಬಲ್ ಜೊತೆ. ಅದನ್ನು ಹಾಕಿ ಡಾಂಗಲನ್ನು ಪ್ಯಾಡಿನಿಂದ ಒಂದು ಗೇಣು ದೂರದಲ್ಲಿ ಇಡಿ. ಕೇಬಲನ್ನು ಕಪ್ಪು ಪೋರ್ಟ್‌ಗೆ ಚುಚ್ಚಿ, ಅದು ಸಾಮಾನ್ಯವಾಗಿ ಯುಎಸ್‌ಬಿ 2.0. ರೂಟರ್ ಬೇರೆ ಕಡೆ ಇಡಿ, ಆಗಲ್ಲ ಅಂದರೆ ಕಂಪ್ಯೂಟರನ್ನು 5 ಗಿಗಾಹರ್ಟ್ಜ್ ವೈಫೈಗೆ ಹಾಕಿ. ಇದಾದ ಮೇಲೂ ಜಿಗಿದರೆ ಮೌಸೇ ಸರಿ ಇಲ್ಲ.

ವೈರೇ_ವಾಸಿ
ಅಂದರೆ ವೈರ್ ಬೇಡ ಅಂತ ವೈರ್‌ಲೆಸ್ ತಗೊಂಡು ಅದಕ್ಕೆ ವೈರ್ ಹಾಕೋದು. ಮಸ್ತ್.

ನವನಗರ_ಸೆಕ್ಟರ್
ಆ ವೈರ್ ಮೌಸ್ ಹಿಂದೆ ಎಳೆದಾಡಲ್ಲ ಅಣ್ಣಾ. ಅದೇ ಬೇಕಾಗಿದ್ದು.

ಹಾಸ್ಟೆಲ್_ಕೋಣೆ
ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ನಮ್ಮ ಹಾಸ್ಟೆಲ್‌ನಲ್ಲಿ ಪ್ರತಿ ಕೋಣೆಯಲ್ಲೂ ಹಾಟ್‌ಸ್ಪಾಟ್, ಬ್ಲೂಟೂತ್ ಇಯರ್‌ಫೋನ್, ವೈರ್‌ಲೆಸ್ ಕೀಬೋರ್ಡ್. ರಾತ್ರಿ ಊಟ ಆದ ಮೇಲೆ ಎಲ್ಲರ ಮೌಸೂ ಕುಂಟುತ್ತೆ. ನಾನು ಲ್ಯಾಪ್‌ಟಾಪ್‌ನ ಬಲಗಡೆ ಪೋರ್ಟ್‌ಗೆ ಚುಚ್ಚಿ ಮೌಸನ್ನು ಅದರ ಪಕ್ಕದಲ್ಲೇ ಓಡಿಸ್ತೀನಿ, ತೊಂದರೆ ಇಲ್ಲ. ಬ್ಲೂಟೂತ್ ಮೋಡ್‌ನಲ್ಲಿ ಮಾತ್ರ ಗೇಮ್ ಆಡಬೇಡಿ. ಅದು ಪಿಪಿಟಿ ತಿರುಗಿಸೋಕೆ.

ಫ್ರೇಮ್_ಪ್ರೇಮಿ
ಯಾರೂ ಪೋಲಿಂಗ್ ರೇಟ್ (ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಕೊಡುತ್ತೆ ಅನ್ನೋದು) ಬಗ್ಗೆ ಕೇಳಲೇ ಇಲ್ಲವಲ್ಲ? ಈಗ ಒಳ್ಳೆ ಮೌಸ್ ಅಂದರೆ 8000 ಹರ್ಟ್ಜ್. 2024ರಲ್ಲಿ ಬಂದ ರೇಜರ್ ವೈಪರ್ ವಿ3 ಪ್ರೊ 54 ಗ್ರಾಂ, 8000 ಹರ್ಟ್ಜ್ ಡಾಂಗಲ್ ಡಬ್ಬಿಯಲ್ಲೇ ಬರುತ್ತೆ. 1000ದಲ್ಲಿ ಆಡೋದು ಹಳೇ ಕಾಲದ ಮಾತು. ವಾಪಸ್ ಕಳಿಸಿ, ದುಡ್ಡು ಕೂಡಿಸಿ ಅದನ್ನೇ ತಗೊಳ್ಳಿ.

ನವನಗರ_ಸೆಕ್ಟರ್
@ಫ್ರೇಮ್_ಪ್ರೇಮಿ ಸ್ವಲ್ಪ ಲೆಕ್ಕ ಹಾಕೋಣ. 1000 ಹರ್ಟ್ಜ್ ಅಂದರೆ ಮೌಸ್ 1 ಮಿಲಿಸೆಕೆಂಡಿಗೆ ಒಂದು ಸಲ ವರದಿ ಕೊಡುತ್ತೆ. 8000 ಅಂದರೆ 0.125 ಮಿಲಿಸೆಕೆಂಡಿಗೆ ಒಂದು ಸಲ. ಹೆಚ್ಚೆಂದರೆ 0.875 ಉಳಿತಾಯ, ಸರಾಸರಿ ಅದರ ಅರ್ಧ. ಶೂಟರ್ ಅವರ ಮಾನಿಟರ್ 60 ಹರ್ಟ್ಜ್ ಆಗಿದ್ದರೆ ಒಂದು ಫ್ರೇಮ್‌ಗೇ 16.7 ಮಿಲಿಸೆಕೆಂಡ್ ಹೋಗುತ್ತೆ. 144 ಆದರೂ 6.9. ಮೇಲಿಂದ ಮುಂಬೈ ಸರ್ವರ್‌ವರೆಗಿನ ಪಿಂಗ್, ಅಂದರೆ ಸಿಗ್ನಲ್ ಹೋಗಿ ಬರುವ ಸಮಯ, ಬೇರೆ. ಅದರ ಮುಂದೆ ಈ ಅರ್ಧ ಮಿಲಿಸೆಕೆಂಡ್ ಎಲ್ಲಿ ಕಾಣುತ್ತೆ?

ಇನ್ನೊಂದು. 800 ಡಿಪಿಐನಲ್ಲಿ ಸೆಕೆಂಡಿಗೆ 8000 ವರದಿಗೆ ಒಂದೊಂದು ಎಣಿಕೆಯಾದರೂ ಸಿಗಬೇಕು ಅಂದರೆ ಮೌಸ್ ಸೆಕೆಂಡಿಗೆ 10 ಇಂಚು ವೇಗದಲ್ಲಿ ಓಡ್ತಿರಬೇಕು. ನಿಧಾನವಾಗಿ ತಲೆಗೆ ಗುರಿ ಹಿಡಿಯುವಾಗ ಅದರಲ್ಲಿ ಮುಕ್ಕಾಲು ಪಾಲು ಖಾಲಿ ವರದಿಯೇ.

ಫ್ರೇಮ್_ಪ್ರೇಮಿ
ಲೆಕ್ಕ ಪುಸ್ತಕದಲ್ಲಿ ಸರಿ ಇದೆ. ನಾನು 240 ಹರ್ಟ್ಜ್ ಮಾನಿಟರ್‌ನಲ್ಲಿ ಆಡ್ತೀನಿ, ನನಗೆ ಗೊತ್ತಾಗುತ್ತೆ. ಕರ್ಸರ್ ಜಾಸ್ತಿ ನುಣುಪು.

ಉದ್ಯಮಬಾಗ್_ಲೇತ್
ಯಾವುದು 1000, ಯಾವುದು 8000 ಅಂತ ಹೇಳದೆ ಸ್ನೇಹಿತನ ಕೈಲಿ ಬದಲಿಸಿ ಕೊಡೋಕೆ ಹೇಳಿ. ಆಮೇಲೂ ಸರಿಯಾಗಿ ಗುರುತಿಸಿದರೆ ನಾನು ಒಪ್ತೀನಿ.

ಫ್ರೇಮ್_ಪ್ರೇಮಿ
ಆಯ್ತು ಮಾಡ್ತೀನಿ. ಪಂದ್ಯ ಏನು?

ಉದ್ಯಮಬಾಗ್_ಲೇತ್
ಅರ್ಧ ಕಿಲೋ ಕುಂದಾ.

ಆಲಮಟ್ಟಿ_ಅಲೆ
ಅಮೀನಗಡ ಕರದಂಟು ಮಾಡ್ರಿ. ಕುಂದಾ ಎರಡು ದಿನದಲ್ಲಿ ಮುಗಿಯುತ್ತೆ.

ಉದ್ಯಮಬಾಗ್_ಲೇತ್
ನಮ್ಮನೇಲಿ ಎರಡು ಗಂಟೆಯೂ ಉಳಿಯಲ್ಲ.

ಗುಮ್ಮಟ_ಗೇಮರ್
8000ದಲ್ಲಿ ಬ್ಯಾಟರಿ ಏನಾಗುತ್ತೆ ಅಂತ ಯಾರೂ ಹೇಳ್ತಿಲ್ಲ. ಅದೇ ವೈಪರ್ ವಿ3 ಪ್ರೊಗೆ ಕಂಪನಿಯೇ ಹೇಳಿರೋದು 1000ದಲ್ಲಿ 95 ಗಂಟೆ, 8000ದಲ್ಲಿ 17 ಗಂಟೆ. ಪ್ರೊಸೆಸರ್ ಹಳೇದಾಗಿದ್ದರೆ ಫ್ರೇಮ್ ಕೂಡ ಬೀಳುತ್ತೆ, ಯಾಕಂದರೆ ಅಷ್ಟೂ ವರದಿಯನ್ನು ಅದೇ ನೋಡಬೇಕು. ನಮ್ಮ ವಿಜಯಪುರದಲ್ಲಿ ಬೇಸಿಗೆ ಮಧ್ಯಾಹ್ನ ಕಂಪ್ಯೂಟರ್ ಆನ್ ಇಡೋದೇ ಕಷ್ಟ, ಅದಕ್ಕೆ ಈ ಹೊರೆ ಬೇರೆ ಯಾಕೆ?

ಅಕೌಂಟ್ಸ್_ಅಕ್ಕ
ನಾನು ಗೇಮ್ ಆಡಲ್ಲ, ಆದರೂ ಓದ್ತಾ ಕೂತೆ. 😊 ಟಿಳಕವಾಡಿಯಲ್ಲಿ ಆಡಿಟರ್ ಆಫೀಸ್‌ನಲ್ಲಿ ಕೆಲಸ. ಇಡೀ ದಿನ ಮೌಸ್ ಹಿಡಿದು ಬಲಗೈ ನೋವು ಬರ್ತಿತ್ತು. ತಮ್ಮ ತನ್ನ ಹಳೇ ಗೇಮಿಂಗ್ ಮೌಸ್ ಕೊಟ್ಟ, 60 ಗ್ರಾಂ ಒಳಗೆ ಇದೆ. ನಿಜವಾಗಿ ಆರಾಮ ಅನ್ನಿಸಿತು. ಇದು ಬರೀ ಮನಸ್ಸಿನ ಸಮಾಧಾನವಾ, ಅಥವಾ ತೂಕದಿಂದಲೇನಾ?

ಕ್ಲಿಕ್_ಕುಮಾರ
ಟ್ಯಾಲಿಗೆ ಮೌಸ್ ಯಾಕೆ ಅಕ್ಕಾ? ಎಲ್ಲಾ ಕೀಬೋರ್ಡ್‌ನಲ್ಲೇ ಆಗುತ್ತಲ್ಲ.

ಅಕೌಂಟ್ಸ್_ಅಕ್ಕ
ಟ್ಯಾಲಿಗೆ ಬೇಡ ತಮ್ಮಾ. ಜಿಎಸ್‌ಟಿ ಪೋರ್ಟಲ್‌ಗೆ ಬೇಕು. ತಿಂಗಳ 20ನೇ ತಾರೀಖು ಬಂದು ನೋಡು, ನಿನ್ನ ಗೇಮ್‌ಗಿಂತ ಜಾಸ್ತಿ ಕ್ಲಿಕ್ ಇಲ್ಲಿ.

ಉದ್ಯಮಬಾಗ್_ಲೇತ್
ಅಕ್ಕಾವ್ರೇ, ತೂಕಕ್ಕಿಂತ ಆಕಾರ ಬದಲಾಗಿದ್ದು ಕಾರಣ ಇರಬಹುದು. ಹಳೇದು ಅಂಗೈಗೆ ಚಿಕ್ಕದಾಗಿದ್ದರೆ ಬೆರಳು ಮಡಚಿಕೊಂಡೇ ಇರ್ತವೆ, ನೋವು ಬರುತ್ತೆ. ಕ್ಲಿಕ್ ಒತ್ತಲು ಬೇಕಾದ ಬಲವೂ ಒಂದೊಂದರಲ್ಲಿ ಒಂದೊಂದು ಥರ. ನೋವು ಮತ್ತೆ ಬಂದರೆ ಮೌಸ್ ಬದಲಿಸ್ತಾ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ.

ಬೆಸುಗೆ_ಕಾಕಾ
ಬಾಗಲಕೋಟೆ, ವಿದ್ಯಾಗಿರಿ. ಮೌಸ್, ಕೀಬೋರ್ಡ್ ರಿಪೇರಿ ಮಾಡ್ತೀನಿ. ನೀವೆಲ್ಲಾ ಸೆನ್ಸರ್ ಬಗ್ಗೆ ಜಗಳ ಆಡ್ತಿದ್ದೀರಿ, ಆದರೆ ನನ್ನ ಟೇಬಲ್‌ಗೆ ಸೆನ್ಸರ್ ಕೆಟ್ಟು ಬಂದ ಮೌಸ್ ಬಹಳ ಅಪರೂಪ. ಬರೋದೆಲ್ಲಾ ಸ್ವಿಚ್. ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗೋದು, ಇಲ್ಲಾ ಒತ್ತಿ ಹಿಡಿದರೆ ಮಧ್ಯದಲ್ಲಿ ಬಿಟ್ಟುಕೊಳ್ಳೋದು.

ಒಳಗೆ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತೆ. ಒತ್ತಿದಾಗ ಅದು ಕೆಳಗಿನ ಬಿಂದುವಿಗೆ ಬಡಿಯುತ್ತೆ, ಬಡಿದಾಗ ಒಂಚೂರು ಪುಟಿಯುತ್ತೆ. ಆ ಪುಟಿತವನ್ನು ಲೆಕ್ಕಕ್ಕೆ ತಗೋಬಾರದು ಅಂತ ಮೌಸ್ ಕೆಲವು ಮಿಲಿಸೆಕೆಂಡ್ ಸುಮ್ಮನಿರುತ್ತೆ. ಅದೇ ಡಿಬೌನ್ಸ್. ಪಟ್ಟಿ ಸವೆದರೆ, ಬಿಂದುವಿನ ಮೇಲೆ ಪದರ ಕೂತರೆ, ಪುಟಿತ ಆ ಸಮಯ ದಾಟುತ್ತೆ. ವೈರ್‌ಲೆಸ್ ಮೌಸ್‌ನಲ್ಲಿ ಬ್ಯಾಟರಿ ಉಳಿಸಬೇಕು ಅಂತ ಸ್ವಿಚ್ ಮೂಲಕ ಹರಿಸುವ ಕರೆಂಟ್ ತೀರಾ ಕಡಿಮೆ. ಆ ಪದರವನ್ನು ಸುಟ್ಟು ಹಾಕೋಕೆ ಅದು ಸಾಕಾಗಲ್ಲ.

ಈಗ ನಿಮ್ಮ ಮೌಸ್‌ನ ಸಾಫ್ಟ್‌ವೇರ್ ತೆರೆದು ಡಿಬೌನ್ಸ್ ಎಷ್ಟಿದೆ ನೋಡಿ. ಮಾರುವಾಗ "ವೇಗದ ಕ್ಲಿಕ್" ಅಂತ ಹೇಳ್ಕೊಳ್ಳೋಕೆ 0 ಅಥವಾ 1 ಇಟ್ಟಿರ್ತಾರೆ. ಅದನ್ನು 4ಕ್ಕೆ ಏರಿಸಿ. ಕ್ಲಿಕ್ ಪರೀಕ್ಷೆ ಮಾಡುವ ಪುಟದಲ್ಲಿ ಎರಡೂ ಬಟನ್ ನಿಧಾನವಾಗಿ, ಜೋರಾಗಿ, ಬಟನ್‌ನ ತುದಿಯಲ್ಲಿ, ಹಿಂದೆ, ಎಲ್ಲಾ ಕಡೆ ಒತ್ತಿ. 4ರಲ್ಲೂ ಎರಡೆರಡು ಕ್ಲಿಕ್ ಬಂದರೆ ಒಂದು ದಿನವೂ ಇಟ್ಕೋಬೇಡಿ, ಕಳಿಸಿ.

ಗುಮ್ಮಟ_ಗೇಮರ್
ಕಾಕಾ, ಆಪ್ಟಿಕಲ್ ಸ್ವಿಚ್ ಇದ್ದರೆ ಈ ತಲೆನೋವೇ ಇಲ್ಲ ಅಲ್ವಾ?

ಬೆಸುಗೆ_ಕಾಕಾ
ಇದೊಂದು ಇಲ್ಲ. ಅಲ್ಲಿ ಬೆಳಕಿನ ಕಿರಣ ಅಡ್ಡಗಟ್ಟೋದು, ತಗಡು ತಗಡಿಗೆ ಬಡಿಯೋ ಕೆಲಸ ಇಲ್ಲ. ರೇಜರ್‌ನವರು 2019ರ ವೈಪರ್‌ನಿಂದ ಹಾಕ್ತಿದ್ದಾರೆ. ಲಾಜಿಟೆಕ್‌ನವರು 2022ರಲ್ಲಿ ಜಿ502 ಎಕ್ಸ್‌ಗೆ ಎರಡೂ ಬೆರೆಸಿದ ಥರದ್ದು ಹಾಕಿದರು, ಆಮೇಲೆ ಸೂಪರ್‌ಲೈಟ್ 2ಕ್ಕೂ ಅದೇ ಬಂತು. ಕ್ಲಿಕ್‌ನ ಅನುಭವ ಮಾತ್ರ ಕೆಲವರಿಗೆ ಹಿಡಿಸಲ್ಲ. ಕೆಟ್ಟರೆ ನನ್ನಂಥವರಿಗೆ ರಿಪೇರಿ ಮಾಡೋದೂ ಕಷ್ಟ. ತಗಡಿನ ಸ್ವಿಚ್ ಆದರೆ ಹುವಾನೊ, ಕೈಲ್ ಅಂತ ಬೇರೆ ಕಂಪನಿಯದು ತರಿಸಿ ಅದೇ ಜಾಗಕ್ಕೆ ಬೆಸೆದು ಕೊಡ್ತೀನಿ. ಮೂರು ಕಾಲು, ಹಳೇ ಸೀಸ ಹೀರಿ ತೆಗೆದರೆ ಆಯ್ತು.

ಆಲಮಟ್ಟಿ_ಅಲೆ
ತೂತಿನ ಮೌಸ್ ತಗೋಬೇಡಿ ಅಂತ ಒಂದು ಮಾತು. ತೂಕ ಇಳಿಸೋಕೆ ಮೈಯೆಲ್ಲಾ ಜೇನುಗೂಡು ಮಾಡಿರ್ತಾರಲ್ಲ, 2019ರ ಗ್ಲೋರಿಯಸ್ ಮಾಡೆಲ್ ಓ ಥರ. ನನ್ನ ಹತ್ತಿರ ಅಂಥದೊಂದು ಇತ್ತು. ಟೇಬಲ್ ಮೇಲೆ ಲಾಡು ಇಟ್ಕೊಂಡು ಆಡ್ತಿದ್ದೆ. ಮರುದಿನ ಸ್ಕ್ರೋಲ್ ತಿರುಗಿಸಿದರೆ ಇರುವೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು. ನಮ್ಮ ಕಡೆ ಧೂಳು ಬೇರೆ ಕೇಳಬೇಡಿ.

ಕ್ಲಿಕ್_ಕುಮಾರ
😂😂 ವೈರ್‌ಲೆಸ್ ಇರುವೆ

ಶಹಾಪುರ_ಶೂಟರ್
ನನ್ನದರಲ್ಲಿ ಮೇಲೆ ತೂತಿಲ್ಲ, ಅಡಿಯಲ್ಲಿ ಮಾತ್ರ ಕತ್ತರಿಸಿದ್ದಾರೆ. ಅದಕ್ಕೇ ಸದ್ದು ಬರ್ತಿದೆಯಾ?

ಉದ್ಯಮಬಾಗ್_ಲೇತ್
ಈಗ ಹೊಸ ಮೌಸ್‌ಗಳು ಬಹಳಷ್ಟು ಹಾಗೇ. ಮೇಲೆ ತೂತಿಲ್ಲದೆ ತೂಕ ಇಳಿಸಬೇಕು ಅಂದರೆ ಗೋಡೆ ತೆಳ್ಳಗೆ ಮಾಡಬೇಕು, ಒಳಗೆ ಆನಿಕೆ ಪಟ್ಟಿ ಕಡಿಮೆ ಮಾಡಬೇಕು, ಬ್ಯಾಟರಿ ಚಿಕ್ಕದು ಹಾಕಬೇಕು. ಫೈನಲ್‌ಮೌಸ್‌ನವರು 2021ರಲ್ಲಿ ಸ್ಟಾರ್‌ಲೈಟ್-12 ಅಂತ ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಮಾಡಿದರು, ಚಿಕ್ಕ ಸೈಜ್ 42 ಗ್ರಾಂ. ಪ್ಲಾಸ್ಟಿಕ್‌ನಲ್ಲಿ ಅಷ್ಟು ತೆಳ್ಳಗೆ ಮಾಡಿ ಗಟ್ಟಿ ಇರಲಿ ಅಂದರೆ ಅಚ್ಚು ಬಹಳ ಚೆನ್ನಾಗಿರಬೇಕು.

ಸದ್ದು ಬರೋದಕ್ಕಿಂತ ಒಂದು ವಿಷಯ ನೋಡಿ. ಆಡುವಾಗ ಹಿಡಿಯುವಷ್ಟೇ ಬಲದಲ್ಲಿ ಪಕ್ಕ ಒತ್ತಿದಾಗ ಸೈಡ್ ಬಟನ್ ತಾನಾಗಿ ಒತ್ತಿಕೊಳ್ಳುತ್ತಾ? ಅಡಿಭಾಗ ಬಗ್ಗಿ ಸೆನ್ಸರ್ ಪ್ಯಾಡಿಗೆ ತಾಗುತ್ತಾ? ಎರಡೂ ಇಲ್ಲ ಅಂದರೆ ಸದ್ದು ಬರೀ ಕಿರಿಕಿರಿ. ಬೇಕಂತ ಹಿಂಡಿದರೆ 15 ಸಾವಿರದ ಮೌಸ್ ಕೂಡ ಸದ್ದು ಮಾಡುತ್ತೆ.

ಹಳೇ_ಸೈಬರ್
ನಿಮ್ಮ ಮಾತು ಕೇಳಿ ನಗು ಬರುತ್ತೆ ಹುಡುಗರೇ. ಕಾಲೇಜ್ ರೋಡ್ ಕಡೆ ಸೈಬರ್ ಕೆಫೆಯಲ್ಲಿ ನಾವು ಕೌಂಟರ್ ಸ್ಟ್ರೈಕ್ 1.6 ಆಡುವಾಗ ಒಳಗೆ ರಬ್ಬರ್ ಗುಂಡು ಇರುವ ಮೌಸ್. ಆಟ ಶುರುವಾಗೋ ಮೊದಲು ಅಡಿ ತಿರುಗಿಸಿ, ಮುಚ್ಚಳ ತೆಗೆದು, ರೋಲರ್‌ಗೆ ಅಂಟಿದ ಕೊಳೆ ಉಗುರಲ್ಲಿ ಕೆರೆಯಬೇಕು. ಯಾರು ಮೊದಲು ಬಂದು ಒಳ್ಳೆ ಗುಂಡು ಹಾಕ್ಕೊಳ್ತಾರೋ ಅವರೇ ಗೆಲ್ಲೋದು. ಪಕ್ಕದವನ ಮೌಸ್‌ನಿಂದ ಗುಂಡು ಕದಿಯುತ್ತಿದ್ದರು ಕೂಡ. 1999ರಲ್ಲಿ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂತಲ್ಲ, ಅದೇ ಮೊದಲ ಆಪ್ಟಿಕಲ್ ಮೌಸ್. ಆದರೂ ನಮ್ಮೂರ ಕೆಫೆಗಳಿಗೆ ಆಪ್ಟಿಕಲ್ ಮುಟ್ಟೋಕೆ ಬಹಳ ವರ್ಷ ಬೇಕಾಯ್ತು.

ನವನಗರ_ಸೆಕ್ಟರ್
ಅಣ್ಣಾ, ಮೊದಲನೆಯದಲ್ಲ. 80ರ ದಶಕದಲ್ಲೇ ಮೌಸ್ ಸಿಸ್ಟಮ್ಸ್ ಅನ್ನೋ ಕಂಪನಿ ಆಪ್ಟಿಕಲ್ ಮೌಸ್ ಮಾರಿತ್ತು. ಅದಕ್ಕೆ ಗೆರೆ ಹಾಕಿದ ವಿಶೇಷ ಪ್ಯಾಡ್ ಬೇಕಿತ್ತು, ಅಷ್ಟೇ. ಯಾವ ಟೇಬಲ್ ಮೇಲಾದರೂ ಓಡುವ ಥರದ್ದು ಮನೆಮನೆಗೆ ತಂದಿದ್ದು ಇಂಟೆಲಿಮೌಸ್.

ಹಳೇ_ಸೈಬರ್
ಹೌದಾ? ಒಳ್ಳೇದು. ಗುಂಡು ಕದ್ದಿದ್ದು ಮಾತ್ರ ನಿಜ.

ಕ್ಲಿಕ್_ಕುಮಾರ
ನಮ್ಮನೆ ಟೇಬಲ್ ಗಾಜಿನದು. ಈ ಹಗುರ ಮೌಸ್ ಅದರ ಮೇಲೆ ಓಡುತ್ತಾ?

ಗುಮ್ಮಟ_ಗೇಮರ್
ಮಾಮೂಲಿ ಸೆನ್ಸರ್ ಪಾರದರ್ಶಕ ಗಾಜಿನ ಮೇಲೆ ದಾರಿ ತಪ್ಪುತ್ತೆ. 2009ರಲ್ಲಿ ಲಾಜಿಟೆಕ್ ಡಾರ್ಕ್‌ಫೀಲ್ಡ್ ಅಂತ ತಂದಿದ್ದು ಇದಕ್ಕೇ, ಅದಕ್ಕೂ ಗಾಜು 4 ಮಿಲಿಮೀಟರ್ ದಪ್ಪ ಇರಬೇಕು. ಆದರೆ ಅದು ಆಫೀಸ್ ಮೌಸ್‌ಗಳಲ್ಲಿ ಬಂದದ್ದು. ನೀನು ಒಂದು ಬಟ್ಟೆ ಪ್ಯಾಡ್ ತಗೋ ಮಾರಾಯಾ, ಅಷ್ಟು ಖರ್ಚಾಗಲ್ಲ.

ಶಹಾಪುರ_ಶೂಟರ್
ಎಲ್ಲರಿಗೂ ಧನ್ಯವಾದ. ಹೇಳಿದ್ದೆಲ್ಲಾ ಮಾಡಿ ನೋಡಿದೆ.

ಡಾಂಗಲ್ ಎಕ್ಸ್‌ಟೆನ್ಶನ್ ಹಾಕಿ ಪ್ಯಾಡ್ ಪಕ್ಕ ತಂದೆ. ಜಿಗಿಯೋದು ನಿಂತೇ ಹೋಯ್ತು. ಪರೀಕ್ಷೆಗೆ ಅಂತ ಮತ್ತೆ ಹಿಂದೆ ಚುಚ್ಚಿ ಹಾರ್ಡ್ ಡಿಸ್ಕ್‌ಗೆ ದೊಡ್ಡ ಫೈಲ್ ಕಾಪಿ ಹಾಕಿದೆ, ಕೂಡಲೇ ಕುಂಟೋಕೆ ಶುರು. ಸೆಕ್ಟರ್ ಅಣ್ಣ ಹೇಳಿದ್ದು ಪಕ್ಕಾ.

ಸ್ಕೇಲ್ ಪರೀಕ್ಷೆಯಲ್ಲಿ 3240ರ ಸುತ್ತ ಬಂತು. ಹಳೇ ಜಿ304 ಹೆಚ್ಚು ಕಡಿಮೆ 3150 ಕೊಡ್ತಿದೆ. ಸೆನ್ಸಿಟಿವಿಟಿ ಅಷ್ಟು ಇಳಿಸಿದೆ. ಏಮ್ ಪರವಾಗಿಲ್ಲ, ಆದರೂ ನಿಲ್ಲಿಸುವಾಗ ಕೈ ಇನ್ನೂ ಹದಕ್ಕೆ ಬಂದಿಲ್ಲ. ಡಿಬೌನ್ಸ್ 0 ಇತ್ತು ಕಾಕಾ! 4 ಇಟ್ಟ ಮೇಲೆ ಎಡ ಕ್ಲಿಕ್ ಚೊಕ್ಕ, ಬಲ ಕ್ಲಿಕ್ ತುದಿಯಲ್ಲಿ ನಿಧಾನಕ್ಕೆ ಒತ್ತಿದರೆ ಒಮ್ಮೊಮ್ಮೆ ಎರಡು ಬರುತ್ತೆ.

ಆದರೆ ನಿಜವಾದ ಕಿರಿಕಿರಿ ಬೇರೆ. ಕಿರುಬೆರಳು ಪ್ಯಾಡ್ ಮೇಲೆ ಎಳೆದುಕೊಂಡು ಬರುತ್ತೆ. ಕೈ ಅಳತೆ ಮಣಿಕಟ್ಟಿನಿಂದ ನಡುಬೆರಳ ತುದಿವರೆಗೆ 20 ಸೆಂಟಿಮೀಟರ್. ಮೌಸ್ ಉದ್ದ 118 ಮಿಲಿಮೀಟರ್, ಬೆನ್ನು ತಗ್ಗು. ಅಂಗೈ ಇಟ್ಟರೆ ಹಿಂದೆ ಖಾಲಿ.

ಇನ್ನೊಂದು ಸಣ್ಣ ಪ್ರಶ್ನೆ: ಮೊಬೈಲ್ ಚಾರ್ಜರ್‌ನ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗಲ್ಲ. ಅದರ ಜೊತೆ ಬಂದ ಕೇಬಲ್‌ನಲ್ಲಿ ಆಗುತ್ತೆ. ಇದೂ ದೋಷವಾ?

ಬೆಸುಗೆ_ಕಾಕಾ
ಚಾರ್ಜ್ ವಿಷಯ: ಟೈಪ್-ಸಿ ಪೋರ್ಟ್ ಒಳಗೆ 5.1 ಕಿಲೋಓಮ್‌ನ ಎರಡು ಸಣ್ಣ ರೆಸಿಸ್ಟರ್ ಇರಬೇಕು. ಅದನ್ನು ನೋಡಿಯೇ ಚಾರ್ಜರ್ ಕರೆಂಟ್ ಬಿಡೋದು. ಅಗ್ಗದ ಸಾಮಾನಿನಲ್ಲಿ ಅದನ್ನು ಉಳಿಸ್ತಾರೆ. ಒಂದು ಕಡೆ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಆದರೆ ತೊಂದರೆ ಇಲ್ಲ. ಬಳಸೋಕೆ ಅಡ್ಡಿ ಇಲ್ಲ, ಆದರೆ ಎರಡು ರೆಸಿಸ್ಟರ್‌ನಲ್ಲಿ ದುಡ್ಡು ಉಳಿಸಿದವರು ಇನ್ನೆಲ್ಲೆಲ್ಲಿ ಉಳಿಸಿರ್ತಾರೆ ಅಂತ ಯೋಚನೆ ಮಾಡಿ.

ಬಲ ಕ್ಲಿಕ್ 4ರಲ್ಲೂ ಹಾಗೆ ಮಾಡ್ತಿದೆ ಅಂದರೆ ಕಳಿಸಿ. ಹೊಸ ಮೌಸ್ ಅದು.

ಉದ್ಯಮಬಾಗ್_ಲೇತ್
ಕ್ಲಿಕ್ ಸರಿ ಇದ್ದಿದ್ದರೂ ನಾನು ಕಳಿಸಿ ಅಂತಲೇ ಹೇಳ್ತಿದ್ದೆ. 20 ಸೆಂಟಿಮೀಟರ್ ಕೈಗೆ, ಅಂಗೈ ಇಟ್ಟು ಹಿಡಿಯೋರಿಗೆ, ಆ ಮೌಸ್ ಚಿಕ್ಕದು. ಕೈಗೆ ಸರಿಹೊಂದುವ 70 ಗ್ರಾಂ ಮೌಸ್, ಹೊಂದದ 50 ಗ್ರಾಂ ಮೌಸ್‌ಗಿಂತ ಬೇಗ ನಿಲ್ಲುತ್ತೆ. ಹಿಡಿತ ಸರಿ ಇಲ್ಲ ಅಂದರೆ ಬೆರಳು ಜಾಸ್ತಿ ಒತ್ತುತ್ತವೆ, ಒತ್ತಿದಷ್ಟೂ ಘರ್ಷಣೆ. ತೂಕದಲ್ಲಿ ಉಳಿಸಿದ್ದೆಲ್ಲಾ ಅಲ್ಲಿ ಹೋಯ್ತು.

ಫ್ರೇಮ್_ಪ್ರೇಮಿ
ಒಪ್ಪಲ್ಲ. ಹಿಡಿತ ಬದಲಿಸ್ಕೊಳ್ಳಿ. ಅಂಗೈ ಎತ್ತಿ ಬೆರಳು ಮಡಚಿ ಹಿಡಿದರೆ ಚಿಕ್ಕ ಮೌಸೇ ಆರಾಮ. ನಾನೂ ಹಾಗೇ ಕಲಿತೆ.

ಗುಮ್ಮಟ_ಗೇಮರ್
ಮೌಸ್‌ಗೋಸ್ಕರ ಕೈ ಬದಲಿಸ್ಕೋ ಅಂತೀಯಲ್ಲಪ್ಪಾ.

ನವನಗರ_ಸೆಕ್ಟರ್
ಶೂಟರ್, ಕಳಿಸೋದಾದರೆ ಬಲ ಕ್ಲಿಕ್ ಎರಡಾಗೋದನ್ನು ಈಗಲೇ ವಿಡಿಯೋ ಮಾಡಿ ಇಟ್ಕೊಳ್ಳಿ. ಬೆರಳೂ ಪರದೆಯೂ ಒಟ್ಟಿಗೆ ಕಾಣಬೇಕು. "ಕೈಗೆ ಚಿಕ್ಕದು" ಅಂತ ಬರೆದರೆ ಕೆಲವರು ತಗೊಳ್ಳಲ್ಲ, "ಕ್ಲಿಕ್ ದೋಷ" ಅಂತಲೇ ಬರೀರಿ, ಅದು ನಿಜವೂ ಹೌದು. ಗ್ರಿಪ್ ಟೇಪ್ ಅಂಟಿಸಬೇಡಿ, ಅಡಿಯ ಟೆಫ್ಲಾನ್ ಪಟ್ಟಿ ಕೀಳಬೇಡಿ. ಡಾಂಗಲ್ ಡಬ್ಬಿಗೆ ಹಾಕೋದು ಮರೆಯಬೇಡಿ, ಎಲ್ಲರೂ ಅದನ್ನು ಕಂಪ್ಯೂಟರ್‌ನಲ್ಲೇ ಬಿಟ್ಟು ಕಳಿಸ್ತಾರೆ.

ಹಾಸ್ಟೆಲ್_ಕೋಣೆ
ಅಲ್ಲಿವರೆಗೆ ಜಿ304ಗೆ ಲಿಥಿಯಂ ಸೆಲ್ ಹಾಕಿ ನೋಡಿ. ಮಾಮೂಲಿ ಆಲ್ಕಲೈನ್ ಎಎ 23 ಗ್ರಾಂ ಹತ್ತಿರ ಇರುತ್ತೆ, ಲಿಥಿಯಂ 15. ಸುಮಾರು 8 ಗ್ರಾಂ ಇಳಿಯುತ್ತೆ, ಬೆನ್ನಿನ ಭಾರವೂ ಕಡಿಮೆ ಆಗುತ್ತೆ. ನಮ್ಮ ಕೋಣೆಯಲ್ಲಿ ಒಬ್ಬ ಎಎಎ ಸೆಲ್‌ಗೆ ಅಡಾಪ್ಟರ್ ಹಾಕಿದ್ದಾನೆ, ಅದು ಇನ್ನೂ ಅಗ್ಗ.

ವೈರೇ_ವಾಸಿ
ವೈರ್ ಇದ್ದರೆ ಸೆಲ್ ತೂಕ ಸೊನ್ನೆ. ಹೇಳಿದೆ ಅಷ್ಟೇ.

ಶಹಾಪುರ_ಶೂಟರ್
ವಿಡಿಯೋ ಆಯ್ತು, ರಿಟರ್ನ್ ಹಾಕಿದೆ. ನಾಡಿದ್ದು ಬಂದು ತಗೊಂಡು ಹೋಗ್ತಾರಂತೆ. ಈಗ ಮುಂದಿನದು ಯಾವುದು ತಗೊಳ್ಳಲಿ ಅಂತ ಕೇಳಿದರೆ ಮತ್ತೆ ಇಷ್ಟೇ ಉದ್ದ ಜಗಳ ಆಗುತ್ತೆ. ಬೆಳಗಾವಿಯಲ್ಲಿ ಯಾರ ಹತ್ತಿರವಾದರೂ ದೊಡ್ಡ ಕೈಗೆ ಆಗೋ ಹಗುರ ಮೌಸ್ ಇದ್ದರೆ ಒಂದು ಸಲ ಹಿಡಿದು ನೋಡೋಕೆ ಕೊಡ್ತೀರಾ?

ಉದ್ಯಮಬಾಗ್_ಲೇತ್
ನನ್ನ ಹತ್ತಿರ ರೇಜರ್ ಡೆತ್‌ಆ್ಯಡರ್ ವಿ3 ಪ್ರೊ ಇದೆ, 63 ಗ್ರಾಂ, ಬೆನ್ನು ಎತ್ತರ. ನಿಮ್ಮ ಕೈಗೆ ಹೊಂದಬಹುದು. ಭಾನುವಾರ ಸಂಜೆ ಗೋವಾವೇಸ್ ಕಡೆ ಬನ್ನಿ, ಚಹಾ ಕುಡೀತಾ ನೋಡಬಹುದು.

ಹಾಸ್ಟೆಲ್_ಕೋಣೆ
ನಾನೂ ಬರ್ತೀನಿ. ನಮ್ಮ ಕೋಣೆಯಿಂದ ಎರಡು ಮೌಸ್ ತರ್ತೀನಿ, ಒಂದು ನನ್ನದಲ್ಲ, ಹೇಳಬೇಡಿ.

ಫ್ರೇಮ್_ಪ್ರೇಮಿ
ನಾನು 8000 ಡಾಂಗಲ್, ಲ್ಯಾಪ್‌ಟಾಪ್ ಎರಡೂ ತರ್ತೀನಿ. ಪಂದ್ಯ ಅಲ್ಲೇ ಆಗಲಿ.

ಉದ್ಯಮಬಾಗ್_ಲೇತ್
ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕೊಂಡು ಬನ್ನಿ, ಹೋಟೆಲ್‌ನವರು ಪ್ಲಗ್ ಕೊಡಲ್ಲ. ಕುಂದಾ ದುಡ್ಡೂ ತನ್ನಿ.